ಬೆಳಿಗ್ಗೆ ಒಂಬತ್ತರ ಅಳತೆ

ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಇಲಿಯ ಪಾದದ ದಪ್ಪವನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆದು ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಕೇಳಿದವರು ನಗುತ್ತಾರೆ, ನಗಲಿ ಬಿಡಿ. ಕೀಲುಗಳು ಊದಿಕೊಂಡು ಉರಿಯುವ ಸಂಧಿವಾತಕ್ಕೆ ಹೊಸ ಔಷಧಿ ಹುಡುಕುವ ಕಟ್ಟಡ ಅದು. ಮೇಲಿನ ಮಹಡಿಯಲ್ಲಿ ಯಾರು ಎಷ್ಟೇ ದೊಡ್ಡ ಮಾತಾಡಲಿ, ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಊತ ಇಳಿಯಿತೋ ಇಲ್ಲವೋ? ಹದಿನಾಲ್ಕು ವರ್ಷಗಳಿಂದ ಅದಕ್ಕೆ ಉತ್ತರ ಕೊಡುತ್ತಿದ್ದದ್ದು ಅವಳ ಬಲಗೈ.

ಅಳೆಯುವ ಸಾಧನ ಕ್ಯಾಲಿಪರ್. ಅದರ ಎರಡು ದವಡೆಗಳ ನಡುವೆ ಇಲಿಯ ಪಾದ ಇಟ್ಟು, ಹೆಬ್ಬೆರಳಿನಿಂದ ಸಣ್ಣ ಚಕ್ರ ಉರುಳಿಸುತ್ತಾ ದವಡೆ ಮುಚ್ಚಬೇಕು. ಜಾಸ್ತಿ ಒತ್ತಿದರೆ ಊತ ಅಮುಕಿ ಹೋಗಿ ಕಡಿಮೆ ತೋರಿಸುತ್ತದೆ, ಸಾಕಷ್ಟು ಒತ್ತದಿದ್ದರೆ ಇಲ್ಲದ ಊತ ಇದೆ ಎನ್ನುತ್ತದೆ. ನಡುವೆ ಒಂದು ಹದ ಇದೆ. ಆ ಹದವನ್ನು ಹೇಳಿಕೊಡಲು ಬರುವುದಿಲ್ಲ ಎಂದು ಅಳತೆಯಮ್ಮ ಹೇಳುತ್ತಿದ್ದಳು, ಹೇಳುವಾಗ ಅವಳ ಮುಖದಲ್ಲಿ ಜಂಬ ಎದ್ದು ಕಾಣುತ್ತಿತ್ತು. ಹೊಸಬರು ಅಳೆದ ಅಂಕಿಯ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುವುದುಂಟು. ಅವಳ ಅಂಕಿಯ ಪಕ್ಕದಲ್ಲಿ ಇದುವರೆಗೆ ಒಂದೂ ಬಿದ್ದಿರಲಿಲ್ಲ.

ಈಗ ನಡೆಯುತ್ತಿದ್ದದ್ದು ನಲವತ್ತೇಳರ ಪರೀಕ್ಷೆ. ಹಿಂದಿನ ನಲವತ್ತಾರು ಔಷಧಿಗಳು ಒಂದಾದ ಮೇಲೊಂದು ಸೋತು ಕಪಾಟು ಸೇರಿದ್ದವು. ನಲವತ್ತೇಳನೆಯದಕ್ಕಾಗಿ ನಲವತ್ತೆಂಟು ಇಲಿಗಳು, ಎಲ್ಲವೂ ಹುಟ್ಟಿನಿಂದಲೇ ಸಂಧಿವಾತಕ್ಕೆ ಗುರಿಯಾಗುವ ಜಾತಿಯವು. ಇಪ್ಪತ್ತನಾಲ್ಕರ ಪಂಜರಕ್ಕೆ ನೀಲಿ ಚೀಟಿ, ಉಳಿದ ಇಪ್ಪತ್ತನಾಲ್ಕಕ್ಕೆ ಹಳದಿ. ಒಂದು ಬಣ್ಣಕ್ಕೆ ಔಷಧಿ, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎಂಬುದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಬರೆದ ಚೀಟಿ, ಅಂಟಿಸಿದ ಲಕೋಟೆಯಲ್ಲಿ, ದೊಡ್ಡಮೇಡಂ ಮೇಜಿನ ಖಾನೆಯಲ್ಲಿತ್ತು. ದೊಡ್ಡಮೇಡಂ ಎಂದರೆ ಪ್ರಯೋಗಾಲಯದ ಮುಖ್ಯಸ್ಥೆ. ಹಿಂದೆ ಆಸ್ಪತ್ರೆಯಲ್ಲಿ ಕೀಲುರೋಗದ ಡಾಕ್ಟರಾಗಿದ್ದು, ಕೊಡಲು ಒಳ್ಳೆಯ ಔಷಧಿ ಸಾಲದು ಎಂಬ ಸಿಟ್ಟಿಗೆ ಇಲ್ಲಿಗೆ ಬಂದವರು.

ಹನ್ನೊಂದನೇ ಸೋಮವಾರದ ಅಳತೆ ಮುಗಿದ ಮಧ್ಯಾಹ್ನ ಗ್ರಾಫಪ್ಪ ತನ್ನ ಕಂಪ್ಯೂಟರನ್ನು ಎಲ್ಲರ ಕಡೆ ತಿರುಗಿಸಿದ. ಅಂಕಿಗಳನ್ನು ಲೆಕ್ಕ ಹಾಕಿ ಗೆರೆಯಾಗಿ ತೋರಿಸುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಪರದೆಯ ಮೇಲೆ ಹಳದಿ ಗೆರೆ ಮೇಲೆಯೇ ಓಡುತ್ತಿತ್ತು. ನೀಲಿ ಗೆರೆ ಐದು ವಾರ ಚೆನ್ನಾಗಿ ಇಳಿದು, ಆರನೇ ವಾರದಿಂದ ಮತ್ತೆ ಏರಿ, ಈಗ ಹಳದಿಯ ಮೈಗೆ ಅಂಟಿಕೊಂಡಿತ್ತು.

"ನೋಡಿ, ಔಷಧಿ ನೀಲಿಗೇ ಹೋಗಿದೆ ಅಂದ್ಕೊಳ್ಳೋಣ. ಮೊದಮೊದಲು ಏನೋ ಮಾಡ್ತು. ಆಮೇಲೆ ಮೈಗೆ ಒಗ್ಗಿ ಹೋಯ್ತು. ಈಗ ಎರಡಕ್ಕೂ ವ್ಯತ್ಯಾಸಾನೇ ಇಲ್ಲ. ನಲವತ್ತೇಳೂ ಮುಗೀತು," ಅಂದ ಗ್ರಾಫಪ್ಪ.

ದೊಡ್ಡಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಶುಕ್ರವಾರ ಕೂತು ತೀರ್ಮಾನ ಮಾಡೋಣ. ನಿಲ್ಲಿಸೋದೇ ಆದ್ರೆ ಬೇಗ ನಿಲ್ಲಿಸೋಣ, ಸುಮ್ನೆ ಇಲಿಗಳಿಗೆ ಯಾಕೆ ಹಿಂಸೆ."

"ಆದ್ರೆ ನೀಲಿ ಇಲಿಗಳು ಓಡ್ತಾವಲ್ಲ?" ಅಂದಳು ಅಳತೆಯಮ್ಮ.

ಎಲ್ಲರೂ ತಿರುಗಿ ನೋಡಿದರು. ಅವಳು ಬಿಡಿಸಿ ಹೇಳಿದಳು. ನೀರಿನ ನಳಿಕೆ ಪಂಜರದಲ್ಲಿ ಎತ್ತರಕ್ಕಿದೆ. ನೀಲಿ ಚೀಟಿಯವು ಹಿಂಗಾಲಿನ ಮೇಲೆ ಎದ್ದು ನಿಂತು ಕುಡಿಯುತ್ತವೆ. ಹಳದಿಯವು ಎದ್ದು, ಕಾಲು ತಾಳದೆ ಕುಸಿದು, ಮತ್ತೆ ಏಳುತ್ತವೆ. ಎರಡರ ಪಾದವೂ ಒಂದೇ ಸಮ ಊದಿದ್ದರೆ ಒಂದು ನಿಲ್ಲುವುದು, ಇನ್ನೊಂದು ಬೀಳುವುದು ಹೇಗೆ?

"ಅಮ್ಮಾ, ಕಣ್ಣಲ್ಲಿ ಕಂಡಿದ್ದನ್ನ ನಾನು ಎಲ್ಲಿ ತುಂಬಿಸ್ಲಿ? ನನಗೆ ಅಂಕಿ ಬೇಕು," ಅಂದ ಗ್ರಾಫಪ್ಪ. ಆಮೇಲೆ ಸ್ವಲ್ಪ ಮೆತ್ತಗೆ, "ಅಂಕಿ ಕೊಟ್ಟೋರೂ ನೀವೇ ಅಲ್ವಾ?" ಎಂದ.

ಮಾತು ಅವಳಿಗೆ ನಾಟಿತು. ಸಿಟ್ಟು ಬಂದದ್ದು ಅವನ ಮೇಲಲ್ಲ, ಅವನ ಮಾತಿನಲ್ಲಿ ತಪ್ಪಿಲ್ಲದ್ದರ ಮೇಲೆ. ತನ್ನ ಕಣ್ಣು ಒಂದು ಹೇಳುತ್ತಿದೆ, ತನ್ನ ಕೈ ಇನ್ನೊಂದು ಬರೆಯುತ್ತಿದೆ. ಎರಡರಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆಯಲ್ಲ? ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಶುಕ್ರವಾರಕ್ಕೆ ನಾಲ್ಕೇ ದಿನ.

ಮಂಗಳವಾರ ಇಡೀ ದಿನ ಕಳ್ಳನನ್ನು ಹುಡುಕಿದಳು. ಮೊದಲ ಗುಮಾನಿ ಕ್ಯಾಲಿಪರಿನ ಮೇಲೆ. ಆದರೆ ಅದನ್ನು ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ಮಿಲಿಮೀಟರಿನ ಸ್ಟೀಲ್ ತುಂಡಿಟ್ಟು ಪರೀಕ್ಷಿಸುತ್ತಿದ್ದವಳು ಅವಳೇ. ಪುಸ್ತಕ ತಿರುವಿದರೆ ಹನ್ನೊಂದು ವಾರವೂ ಹತ್ತು ಪಾಯಿಂಟ್ ಸೊನ್ನೆ ಸೊನ್ನೆ, ಎಳ್ಳಷ್ಟೂ ಆಚೆ ಈಚೆ ಇಲ್ಲ. ಎರಡನೇ ಗುಮಾನಿ ಪಂಜರದಣ್ಣನ ಮೇಲೆ. ಇಲಿಗಳಿಗೆ ಊಟ ಹಾಕಿ, ಪಂಜರ ತೊಳೆದು, ಅವಳು ರಜೆ ಹಾಕಿದ ದಿನ ಅಳತೆಯನ್ನೂ ಮಾಡುವ ಮನುಷ್ಯ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನಾದರೂ ಅವಳಿಗೂ ಅವನು ಪಂಜರದಣ್ಣನೇ.

"ಪಂಜರ ತೊಳೆಯೋವಾಗ ಚೀಟಿ ಏನಾದ್ರೂ ಅದಲುಬದಲು ಆಯ್ತೇನಪ್ಪಾ?"

ಅವನ ಮುಖ ಊದಿಕೊಂಡಿತು. "ಅಕ್ಕಾ, ನನ್ನ ಮಕ್ಕಳನ್ನಾದ್ರೂ ಜಾತ್ರೇಲಿ ಬಿಟ್ಟು ಬಂದೇನು, ಇವನ್ನ ಅದಲುಬದಲು ಮಾಡ್ತೀನಾ? ಬನ್ನಿ, ಕಿವಿ ನೋಡೇ ಬಿಡೋಣ."

ನಲವತ್ತೆಂಟು ಇಲಿಗಳ ಕಿವಿಯ ಗುರುತನ್ನೂ ಇಬ್ಬರೂ ಕೂತು ನೋಡಿದರು. ಒಂದೂ ತಪ್ಪಿರಲಿಲ್ಲ. ಊಟ ಒಂದೇ, ದೀಪ ಒಂದೇ, ಕೋಣೆ ಒಂದೇ. ಪಂಜರದಣ್ಣ ಸಂಜೆಯವರೆಗೂ ಬಿಗುಮಾನದಲ್ಲೇ ಇದ್ದ. ಅವಳು ಕ್ಷಮೆ ಕೇಳಿದ ಮೇಲೆ ಅವನೂ ಹುಡುಕಾಟಕ್ಕೆ ಸೇರಿಕೊಂಡ.

ಅವಳ ಗಂಡ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನು ಅವಳು ಸಲೀಸಾಗಿ ತಿರುಗಿಸಿ ತೆಗೆದದ್ದನ್ನು ಅವರು ಕುತೂಹಲದಿಂದ ನೋಡಿದರು.

"ಇದೇ ಮುಚ್ಚಳ ಅಲ್ವೇನೇ, ಬೆಳಿಗ್ಗೆ ಆಗ್ತಿಲ್ಲ ಅಂತ ನನ್ನ ಕೈಗೆ ಕೊಟ್ಟಿದ್ದು?"

"ಬೆಳಿಗ್ಗೆ ತಣ್ಣಗಿರುತ್ತೆ, ಬಿಗಿಯಾಗುತ್ತೆ. ಅದಕ್ಕೂ ಒಂದು ವಿಚಾರಣೇನಾ?"

"ನಿನ್ನೇನೂ ಕೊಟ್ಟೆ. ಮೊನ್ನೇನೂ ಕೊಟ್ಟೆ. ಉಂಗುರ ಬೇರೆ ಹಾಕ್ತಿಲ್ಲ."

"ಸಾಬೂನಿಗೆ ಜಾರುತ್ತೆ ಅಂತ ತೆಗೆದಿಟ್ಟಿದೀನಿ. ಊಟ ಮಾಡಿ ನೀವು."

ಮೇಷ್ಟ್ರು ಊಟ ಮುಂದುವರಿಸಿದರು. ಆದರೆ ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬೆಳಿಗ್ಗೆ ಒಂದು, ಸಂಜೆ ಒಂದು. ಇಲಿಗಳನ್ನು ತಾನು ಅಳೆಯುವುದು ಯಾವಾಗ? ಬೆಳಿಗ್ಗೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ಮುಕ್ತಾಯ. ಮೊದಲು ನೀಲಿ, ಹನ್ನೊಂದರ ಮೇಲೆ ಹಳದಿ. ಬಣ್ಣ ಕಲೆಸಿ ಅಳೆಯಬೇಕು ಎಂದು ನಿಯಮದಲ್ಲಿ ಬರೆದಿತ್ತು. ಪಂಜರ ಆ ಕಡೆಯಿಂದ ಈ ಕಡೆಗೆ ಎಳೆದಾಡುವ ರಗಳೆ ಬೇಡ, ನೀಲಿ ಮುಗಿಸಿಯೇ ಹಳದಿಗೆ ಹೋಗೋಣ ಎಂದು ಅಚ್ಚುಕಟ್ಟು ಮಾಡಿದವಳು ಅವಳೇ. ಅಚ್ಚುಕಟ್ಟಿನ ಹುಚ್ಚು ಅವಳಿಗೆ ಸ್ವಲ್ಪ ಹೆಚ್ಚು.

ಹಾಗಾದರೆ ಬೆಳಗಿನ ಚಳಿಗೆ ಕ್ಯಾಲಿಪರ್ ಏನೋ ಆಟ ಆಡುತ್ತಿದೆ. ಸ್ಟೀಲ್ ತುಂಡು ಗಟ್ಟಿ, ಅದರ ಮೇಲೆ ಆ ಆಟ ತಿಳಿಯುವುದಿಲ್ಲ. ಪಾದ ಮೆತ್ತಗೆ. ಮೆತ್ತಗಿರುವುದನ್ನೇ ಅಳೆದು ನೋಡಬೇಕು.

"ಏನ್ರೀ, ನಿಮ್ಮ ಬಣ್ಣದ ಪೆಟ್ಟಿಗೇಲಿ ಮೆತ್ತನೆ ರಬ್ಬರ್ ಇದೆಯಲ್ಲ, ಅದು ನನಗೆ ಬೇಕು."

"ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ನನ್ನ ಪೆಟ್ಟಿಗೆ ನೆನಪಾಯ್ತು," ಅಂದರು ಮೇಷ್ಟ್ರು.

ಬುಧವಾರ ಅವಳು ಬ್ಯಾಗಿನಿಂದ ರಬ್ಬರ್ ತೆಗೆದಾಗ ಪಂಜರದಣ್ಣ ಹೌಹಾರಿದ. ಪ್ರಯೋಗಾಲಯದಲ್ಲಿ ರಬ್ಬರಿಗೆ ಜಾಗವಿಲ್ಲ. ಅಲ್ಲಿ ಬರೆಯುವುದು ಪೆನ್ನಿನಲ್ಲಿ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕು, ತಪ್ಪೂ ಓದಲು ಸಿಗಬೇಕು. "ಅಳಿಸಕ್ಕಲ್ಲ, ಅಳೆಯಕ್ಕೆ," ಎಂದು ಅವಳು ಅವನನ್ನು ಸುಮ್ಮನಾಗಿಸಿ, ಒಂಬತ್ತು ಗಂಟೆಗೆ ಸರಿಯಾಗಿ ರಬ್ಬರನ್ನು ದವಡೆಗಳ ನಡುವೆ ಇಟ್ಟಳು. ಹನ್ನೆರಡು ಪಾಯಿಂಟ್ ಮೂರು ಎಂಟು. ಅರ್ಧ ಗಂಟೆ ಬಿಟ್ಟು, ಹನ್ನೆರಡು ಪಾಯಿಂಟ್ ಮೂರು ನಾಲ್ಕು. ಹತ್ತಕ್ಕೆ ಎರಡು ಒಂಬತ್ತು. ಹತ್ತೂವರೆಗೆ ಎರಡು ಎರಡು. ಹನ್ನೊಂದಕ್ಕೆ ಒಂದು ಐದು. ಹನ್ನೊಂದೂವರೆಗೆ ಒಂದು ಒಂದು, ಹನ್ನೆರಡಕ್ಕೂ ಅದೇ ಒಂದು ಒಂದು, ಸಂಜೆ ಐದಕ್ಕೂ ಅದೇ.

ಮೇಜಿನ ಮೇಲೆ ಸುಮ್ಮನೆ ಕೂತಿದ್ದ ರಬ್ಬರ್ ಒಂದು ಬೆಳಗಿನಲ್ಲಿ ಕಾಲು ಮಿಲಿಮೀಟರ್ ತೆಳ್ಳಗಾಗಿತ್ತು. ಅಷ್ಟೇ ವ್ಯತ್ಯಾಸ ಇಲಿಯ ಪಾದದಲ್ಲಿ ಬಂದರೆ ಒಂದು ಔಷಧಿ ಬದುಕಬಹುದು, ಸಾಯಬಹುದು. ಅಳತೆಯಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಕಳ್ಳ ಸಿಕ್ಕಿದ್ದ. ಇನ್ನು ಕ್ಯಾಲಿಪರೋ ಚಳಿಯೋ ಎಂದು ಗೊತ್ತುಮಾಡಿದರೆ ಆಯಿತು.

ಗುರುವಾರ ಪಂಜರದಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಅದೇ ಮೇಜು, ಅದೇ ರಬ್ಬರ್, ಅದೇ ಕ್ಯಾಲಿಪರ್. ಪ್ರತಿ ಅರ್ಧ ಗಂಟೆಗೆ ಮೊದಲು ಅವಳು, ಅದರ ಬೆನ್ನಿಗೇ ಅವನು. ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣದಂತೆ ಬೇರೆ ಬೇರೆ ಹಾಳೆಯಲ್ಲಿ ಬರೆದರು. ಹನ್ನೆರಡಕ್ಕೆ ಎರಡೂ ಹಾಳೆ ಅಕ್ಕಪಕ್ಕ ಇಟ್ಟರು. ಅವಳದು ನಿನ್ನೆಯ ಹಾಗೆಯೇ ಮೇಲಿನಿಂದ ಕೆಳಗೆ ಇಳಿದಿತ್ತು. ಅವನದು ಒಂಬತ್ತರಿಂದ ಹನ್ನೆರಡರವರೆಗೂ ಇಳಿಯದೆ, ಹನ್ನೆರಡು ಪಾಯಿಂಟ್ ಒಂದು ಎರಡು, ಒಂದು ಒಂದು, ಒಂದು ಎರಡು, ಅಷ್ಟೇ.

"ನಾನು ಏನೋ ತಪ್ಪು ಮಾಡಿದೀನಿ ಅನ್ಸುತ್ತೆ ಅಕ್ಕಾ," ಅಂದ ಪಂಜರದಣ್ಣ. "ಇನ್ನೊಂದ್ಸಲ ಅಳೀಲಾ?"

ಅವಳು ಎರಡೂ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಚಳಿ ಇಬ್ಬರಿಗೂ ಒಂದೇ. ರಬ್ಬರ್ ಒಂದೇ, ಕ್ಯಾಲಿಪರ್ ಒಂದೇ. ಒಂದೊಂದನ್ನೇ ಪಟ್ಟಿಯಿಂದ ಹೊಡೆದು ಹಾಕುತ್ತಾ ಬಂದವಳಿಗೆ ಕೊನೆಯಲ್ಲಿ ಉಳಿದದ್ದು ಏನೆಂದು ಕಂಡಿತು. ಇಲಿಗಳನ್ನು ನೋಡುವ ಬಿಳಿ ದೀಪ ಹಾಕಿ, ಅದರ ಕೆಳಗೆ ತನ್ನ ಎರಡೂ ಕೈಗಳನ್ನು ಅಂಗಾತ ಇಟ್ಟು, ಆಮೇಲೆ ಬೋರಲು ಮಾಡಿ ನೋಡಿದಳು. ಎಡಗೈಯ ಬೆರಳ ಬುಡದಲ್ಲಿ ಗೆಣ್ಣುಗಳ ನಡುವೆ ತಗ್ಗುಗಳು ಎದ್ದು ಕಾಣುತ್ತಿದ್ದವು. ಬಲಗೈಯಲ್ಲಿ ಮೊದಲ ಎರಡು ತಗ್ಗು ತುಂಬಿಕೊಂಡು ನುಣ್ಣಗಾಗಿದ್ದವು. ಹೆಬ್ಬೆರಳ ಬುಡ ಹೊಳೆಯುತ್ತಿತ್ತು. ಈ ಹೊಳಪನ್ನು ಅವಳು ಹದಿನಾಲ್ಕು ವರ್ಷದಿಂದ ಸಾವಿರಾರು ಪಾದಗಳಲ್ಲಿ ನೋಡಿದ್ದಳು. ಪಾದ ಎಷ್ಟು ಚಿಕ್ಕದಿದ್ದರೂ ಗುರುತು ಹಿಡಿಯುತ್ತಿದ್ದವಳು ತನ್ನ ಕೈಯನ್ನು ಮಾತ್ರ ನೋಡಿರಲಿಲ್ಲ.

ಈಗ ಎಲ್ಲವೂ ಒಂದರ ಹಿಂದೆ ಒಂದು ಬಂದು ಕೂತವು. ಮುಚ್ಚಳ, ಉಂಗುರ, ಈಚೆಗೆ ಬೆಳಗಿನ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು. ಬೆಳಿಗ್ಗೆ ಹೆಬ್ಬೆರಳು ಬಿಗಿದಿರುತ್ತದೆ. ಚಕ್ರ ಉರುಳಿಸುವಾಗ ನೋವಿನ ಅಂಚಿಗೆ ಬಂದೊಡನೆ, ಅವಳಿಗೇ ಗೊತ್ತಿಲ್ಲದೆ, ಅದು ನಿಂತುಬಿಡುತ್ತದೆ. ಸ್ಟೀಲ್ ತುಂಡಾದರೆ ದವಡೆ ತಾಗಿದರೆ ಸಾಕು, ಒತ್ತುವ ಮಾತೇ ಇಲ್ಲ. ಮೆತ್ತನೆ ಪಾದವನ್ನು ಒತ್ತುವುದು ಸಾಲದೆ ಅಂಕಿ ದಪ್ಪವಾಗುತ್ತದೆ. ಬಿಗಿ ಬಿಡುವ ಹನ್ನೊಂದರ ಹೊತ್ತಿಗೆ ನೀಲಿ ಮುಗಿದಿರುತ್ತದೆ. ನೀಲಿ ಗೆರೆಯನ್ನು ಮೇಲಕ್ಕೆ ಎತ್ತಿದ್ದು ರೋಗವೇ ಹೌದು, ಆದರೆ ಇಲಿಯದಲ್ಲ.

ಅವಳಿಗೆ ಭಯವಾಯಿತು. ರೋಗದ ಭಯಕ್ಕಿಂತ ಮೊದಲು ಬಂದದ್ದು ಬೇರೆಯೇ ಭಯ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಈ ಕೈಯೊಂದೇ ಅವಳ ಆಸ್ತಿ. ದೊಡ್ಡ ಓದು ಓದಿದವರ ನಡುವೆ ಅವಳು ತಲೆಯೆತ್ತಿ ಓಡಾಡಿದ್ದು ಈ ಕೈಯ ಮೇಲಿನ ನಂಬಿಕೆಯಿಂದ. ನಾಳೆ ಬಾಯಿ ಬಿಟ್ಟರೆ ಕ್ಯಾಲಿಪರ್ ಕೈತಪ್ಪುತ್ತದೆ, ಐದಾರು ವಾರದ ಅಂಕಿಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಬಾಯಿ ಬಿಡದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಲವತ್ತೇಳು ಕಪಾಟು ಸೇರುತ್ತದೆ, ನಲವತ್ತೆಂಟು ಬರುತ್ತದೆ.

ಪಂಜರದಲ್ಲಿ ನೀಲಿ ಚೀಟಿಯ ಇಲಿಯೊಂದು ಹಿಂಗಾಲ ಮೇಲೆ ಎದ್ದು ನಿಂತು ನಿಧಾನವಾಗಿ ನೀರು ಕುಡಿಯುತ್ತಿತ್ತು. ಅಳತೆಯಮ್ಮ ಅದು ಕುಡಿದು ಮುಗಿಸುವವರೆಗೂ ನೋಡಿದಳು. ಆಮೇಲೆ ಪಂಜರದಣ್ಣನ ಕಡೆ ತಿರುಗಿ, "ನೀನು ಸರಿಯಾಗೇ ಅಳೆದಿದೀಯ. ಆ ಹಾಳೆಗೆ ಸಹಿ ಹಾಕು," ಅಂದಳು.

ಶುಕ್ರವಾರ ಸಭೆಯಲ್ಲಿ ಗ್ರಾಫಪ್ಪ ಬಾಯಿ ತೆರೆಯುವ ಮೊದಲೇ ಅವಳು ಎರಡು ಹಾಳೆ ಮತ್ತು ರಬ್ಬರನ್ನು ಮೇಜಿನ ಮೇಲಿಟ್ಟಳು. ಹೇಳಬೇಕಾದ್ದನ್ನು ಉಪ್ಪುಖಾರ ಸೇರಿಸದೆ ಹೇಳಿದಳು. "ನೀಲೀನ ಯಾವಾಗ್ಲೂ ಮೊದಲು ಅಳೆದಿದ್ದು ನನ್ನ ತಪ್ಪು. ಕೈ ಹೀಗಾಗಿದ್ದು ನನ್ನ ತಪ್ಪಲ್ಲ, ಆದ್ರೆ ಗೊತ್ತಾಗದೇ ಇದ್ದಿದ್ದಕ್ಕೆ ನಾಚಿಕೆ ಆಗುತ್ತೆ. ಆ ಅಂಕಿಗಳನ್ನ ನಂಬಬೇಡಿ."

ಗ್ರಾಫಪ್ಪ ಆಗಲೇ ಕೀಲಿಮಣೆ ಕುಟ್ಟತೊಡಗಿದ್ದ. ನೀಲಿ ಗುಂಪಿನಲ್ಲೇ ಒಂಬತ್ತಕ್ಕೆ ಅಳೆದ ಇಲಿಗಳನ್ನೂ ಹನ್ನೊಂದರ ಹತ್ತಿರ ಅಳೆದ ಇಲಿಗಳನ್ನೂ ಬೇರೆ ಮಾಡಿದ. ಆರನೇ ವಾರದಿಂದ ಮೊದಲ ಪಂಜರ ದಪ್ಪ, ಕೊನೆಯ ಪಂಜರ ತೆಳು, ರಬ್ಬರಿನ ಇಳಿಜಾರು ಅಲ್ಲೂ ಹಾಗೆಯೇ ಇತ್ತು.

"ಅಮ್ಮಾ, ಐದನೇ ಸೋಮವಾರ ಇದಿಲ್ಲ. ಆರನೇ ಸೋಮವಾರ ಇದೆ," ಅಂದ ಅವನು, ಬೆರಗು ಅಡಗಿಸಲಾರದೆ. "ಅದರ ಮಧ್ಯದಲ್ಲೇ ಶುರುವಾಗಿದೆ ನಿಮಗೆ."

ದೊಡ್ಡಮೇಡಂ ಎದ್ದು ಬಂದು ಅವಳ ಪಕ್ಕದಲ್ಲಿ ಕೂತರು. ಅವಳ ಬಲಗೈಯನ್ನು ಎತ್ತಿಕೊಂಡು, ಬೆರಳ ಬುಡದ ಗೆಣ್ಣುಗಳನ್ನು ಎರಡೂ ಕಡೆಯಿಂದ ಒಟ್ಟಿಗೆ ಮೆಲ್ಲಗೆ ಅದುಮಿದರು. ಅಳತೆಯಮ್ಮನ ಬಾಯಿಂದ ಸಣ್ಣ ಸದ್ದು ಹೊರಟಿತು.

"ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತೆ ಅಂತ ರೋಗಿಗಳನ್ನ ಕೇಳ್ತಿದ್ದೆ ನಾನು," ಅಂದರು ಮೇಡಂ. "ಒಬ್ಬರೂ ಸರಿಯಾಗಿ ಹೇಳ್ತಿರ್ಲಿಲ್ಲ. ನೀವು ಅರ್ಧ ಗಂಟೆಗೊಂದು ಅಂಕಿ ಬರ್ಕೊಂಡು ಬಂದಿದೀರಲ್ಲಮ್ಮಾ." ಅವಳ ಕೈ ಬಿಡದೆ ಮುಂದುವರಿಸಿದರು. "ನಲವತ್ತೇಳು ನಿಮಗೆ ಸಿಗಲ್ಲ. ಅದು ಗೆದ್ರೂ ಮನುಷ್ಯರಿಗೆ ಬರೋಷ್ಟರಲ್ಲಿ ಹತ್ತು ವರ್ಷ ಆಗುತ್ತೆ. ಆದ್ರೆ ಹಳೇ ಔಷಧಿಗಳಿದಾವೆ, ಬೇಗ ಶುರು ಮಾಡಿದ್ರೆ ಚೆನ್ನಾಗಿ ಕೆಲ್ಸ ಮಾಡ್ತಾವೆ. ನಾಳೇನೇ ಆಸ್ಪತ್ರೆಗೆ ಹೋಗಿ."

"ಇಲಿಗಳು?"

"ಇನ್ನೂ ಎರಡು ಸೋಮವಾರ ಅಳೆಯೋಣ. ಬಣ್ಣ ಕಲೆಸಿ, ಪಂಜರದಣ್ಣನ ಕೈಯಲ್ಲಿ. ಲಕೋಟೆ ಅಲ್ಲೇ ಇರಲಿ."

ಅಳತೆಯಮ್ಮ ಕೋಟಿನ ಜೇಬಿನಿಂದ ಕ್ಯಾಲಿಪರ್ ತೆಗೆದು ಪಂಜರದಣ್ಣನಿಗೆ ಕೊಟ್ಟಳು. ಕೊಡುವಾಗ ಕಣ್ಣು ತುಂಬಿತು, ಅವಳು ಒರೆಸಿಕೊಳ್ಳಲಿಲ್ಲ.

ಶನಿವಾರ ಮೇಷ್ಟ್ರೂ ಜೊತೆಗೆ ಬಂದರು. ಆಸ್ಪತ್ರೆಯ ಡಾಕ್ಟರು ಕೈ ಅದುಮಿ ನೋಡಿದಾಗ ಅವಳು, "ಈ ಬೆರಳಿಗೆ ಸ್ವಲ್ಪ ಜಾಸ್ತಿ ಒತ್ತಿದ್ರಿ ಡಾಕ್ಟ್ರೇ, ಆ ಬೆರಳಿಗೆ ಕಡಿಮೆ," ಅಂದಳು. ಡಾಕ್ಟರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಗೋಡೆಯ ಮೇಲಿನ ಚಿತ್ರ ನೋಡುತ್ತಾ ನಗು ತಡೆದುಕೊಂಡರು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು, ಮಾತ್ರೆ ಶುರುವಾಯಿತು. ಮೊದಲ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅವಳು ಬಹಳ ಹೊತ್ತು ನೋಡಿದಳು. ಇದಕ್ಕೂ ಒಂದು ಕಾಲದಲ್ಲಿ ಬರೀ ಒಂದು ಸಂಖ್ಯೆಯಿತ್ತು. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಒಬ್ಬರು ಕೂತು ಇದಕ್ಕಾಗಿ ಪಾದ ಅಳೆದಿದ್ದರು. ಅವರ ಕೈ ಹೇಗಿತ್ತೋ ಎಂದು ಯೋಚಿಸುತ್ತಾ ಮಾತ್ರೆ ನುಂಗಿದಳು.

ಎರಡು ಸೋಮವಾರ ಪಂಜರದಣ್ಣ ಅಳೆದ, ಅವನು ಕೂಗಿದ ಅಂಕಿಯನ್ನು ಅವಳು ಬರೆದುಕೊಂಡಳು. ಹದ ಹೇಳಿಕೊಡಲು ಬರುವುದಿಲ್ಲ ಎನ್ನುತ್ತಿದ್ದವಳು ಅವನ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು ಹೇಳಿಕೊಟ್ಟಳು. ಹಳದಿ ಮೇಲೆಯೇ ನಿಂತಿತು. ನೀಲಿ ತುಂಬಾ ಕೆಳಗಿತ್ತು. ಎರಡನೇ ಸೋಮವಾರ ಸಂಜೆ ಎಲ್ಲರ ಮುಂದೆ ದೊಡ್ಡಮೇಡಂ ಲಕೋಟೆ ಒಡೆದು, ಚೀಟಿ ಓದಿ, ಅದನ್ನು ಅಳತೆಯಮ್ಮನ ಕಡೆ ತಿರುಗಿಸಿ ಹಿಡಿದರು. ಔಷಧಿ: ನೀಲಿ. ಗ್ರಾಫಪ್ಪ ಕುರ್ಚಿಯಿಂದ ಎದ್ದು ಕೈ ಕುಲುಕಲು ಬಂದವನು, ನೆನಪಾಗಿ, ಅವಳ ಎಡಗೈಯನ್ನು ಕುಲುಕಿದ.

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಅವಳು ಖಾನೆಯಿಂದ ರಬ್ಬರ್ ತೆಗೆದು, ಮೇಜಿನ ಮೇಲಿದ್ದ ಕ್ಯಾಲಿಪರಿನಲ್ಲಿ ಇಟ್ಟು, ಚಕ್ರ ಉರುಳಿಸಿದಳು. ಹನ್ನೆರಡು ಪಾಯಿಂಟ್ ಎರಡು ಆರು. ಹತ್ತು ದಿನದ ಮಾತ್ರೆಗೆ ಅಷ್ಟು ಇಳಿದಿತ್ತು. ಒಂದು ಒಂದಕ್ಕೆ ಇನ್ನೂ ದೂರವಿದೆ. ಮುಂದಿನ ವಾರ ಎಷ್ಟಾಗಬಹುದು ಎಂದು ತಿಳಿಯುವ ಆಸೆ ಈಗಲೇ ಶುರುವಾಗಿತ್ತು.

ಪುಸ್ತಕದಲ್ಲಿ ಹೊಸ ಪುಟ ತೆರೆದು ತಾರೀಕು ಬರೆದಳು, ಗಂಟೆ ಒಂಬತ್ತು ಎಂದು ಬರೆದಳು. ಮುಂದಿನ ಖಾನೆ ಪ್ರಾಣಿಯ ಸಂಖ್ಯೆಯದು. ಅದನ್ನು ಖಾಲಿ ಬಿಡುವಂತಿಲ್ಲ ಎಂದು ಹದಿನಾಲ್ಕು ವರ್ಷಗಳಿಂದ ಎಲ್ಲರನ್ನೂ ಬೈಯುತ್ತಿದ್ದವಳು ಅವಳೇ. ಇಲಿಗಳ ಸಂಖ್ಯೆ ನಲವತ್ತೆಂಟಕ್ಕೆ ಮುಗಿದಿತ್ತು. ಸ್ವಲ್ಪ ಯೋಚಿಸಿ, ನಲವತ್ತೊಂಬತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದಳು.